ಮುದ್ದೆಯಲ್ಲಿ ನಿಂತ ಚಮಚ

ಸೆಪ್ಟೆಂಬರ್ ಹತ್ತೊಂಬತ್ತು, ಶುಕ್ರವಾರ, ಸಂಜೆ ಐದೂ ಇಪ್ಪತ್ತು. ಹೊಸೂರು.

ಬೆಳಿಗ್ಗೆ ಅಮ್ಮ ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ, ಹುಣಸೆಹಣ್ಣಿನ ಬಟ್ಟಲನ್ನು ಪಕ್ಕಕ್ಕಿಟ್ಟು, ಉಜ್ಜಲು ನನ್ನನ್ನು ಕೂರಿಸಿದಳು. ನಾಡಿದ್ದು ಭಾನುವಾರ ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಎಡೆ ಇಡುವ ದಿನ. ಹಿತ್ತಾಳೆ ತಂಬಿಗೆ, ಎರಡು ಕಂಚಿನ ತಟ್ಟೆ, ಧೂಪದ ಕುಡಿಕೆ, ಸೌಟುಗಳು... ಒಂದೊಂದಾಗಿ ತೊಳೆದು ಕವುಚುತ್ತಾ ಬಂದೆ. ಸೌಟುಗಳ ಅಡಿಯಲ್ಲಿ ಒಂದು ಸ್ಟೀಲ್ ಚಮಚ ಸಿಕ್ಕಿತು. ಅದರ ಹಿಡಿ ಗೇಣುದ್ದ ಇದೆ, ಚಪ್ಪಟೆಯಾಗಿದೆ. ಬಾಯಿ ದುಂಡಗೆ, ಹೆಚ್ಚು ಆಳವಿಲ್ಲ. ಹಿಡಿಯ ಕೊನೆಯಲ್ಲಿ ಒಂದು ಹೂವಿನ ಗೀರು. ಅದು ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಕೊಂಡದ್ದಲ್ಲ.

ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿ, ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಳು. ಆಮೇಲೆ ಕೇಳಿದಳು. "ಈ ಸಲ ಆ ಎಲೆ ಹಾಕದಾ, ಬ್ಯಾಡ್ವಾ?"

ಸಂಜೆ ಹೇಳುತ್ತೇನೆ ಎಂದೆ. ಅದನ್ನು ಯೋಚಿಸುತ್ತಲೇ ಇದನ್ನು ಬರೆಯಲು ಕೂತಿದ್ದೇನೆ.

ಆ ಚಮಚ ನಮ್ಮ ಮಾಳಿಗೆಯ ಮನೆಯಲ್ಲಿ ಬಾಡಿಗೆಗೆ ಇದ್ದ ಒಬ್ಬರದು. ಕೊರೋನಾ ಬರುವುದಕ್ಕೆ ಸುಮಾರು ಎರಡು ವರ್ಷ ಮುಂಚೆ ಅವರು ಬಂದರು. ಕೊರಿಯಾ ದೇಶದವರು. ಹೊಸೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಎರಕ ಹೊಯ್ಯುವ ಅಚ್ಚುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ವಯಸ್ಸು ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಅವರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಸರಿಯಾಗಿ ಕೂರಲಿಲ್ಲವಾದ್ದರಿಂದ ಅಜ್ಜಿ ಮೊದಲ ವಾರದಲ್ಲೇ 'ಮಾಳ್ಗೆಯಣ್ಣ' ಎಂದು ಕರೆಯಲು ಶುರುಮಾಡಿದಳು. ಅವರೂ ಆ ಹೆಸರಿಗೆ ಓಗೊಡುವುದನ್ನು ಕಲಿತರು.

ಅವರಿಗೆ ಬರುತ್ತಿದ್ದ ನಮ್ಮ ಮಾತುಗಳು ಮೂರೇ ಮೂರು. ಕನ್ನಡದಲ್ಲಿ 'ಊಟ ಆಯ್ತಾ', 'ಸಾಕು'. ತಮಿಳಿನಲ್ಲಿ 'ನನ್ರಿ', ಅಂದರೆ ಧನ್ಯವಾದ. ಈ ಕೊನೆಯದನ್ನು ಕಲಿಸಿದ್ದು ಅವರನ್ನು ಕಾರಿನಲ್ಲಿ ಕಾರ್ಖಾನೆಗೆ ಕರೆದೊಯ್ಯುತ್ತಿದ್ದ ಕೃಷ್ಣಗಿರಿಯ ಡ್ರೈವರಣ್ಣ. ಅಜ್ಜಿ ಸೊಪ್ಪಿನ ಸಾರು ಕೊಟ್ಟರೂ ನನ್ರಿ, ತೊಟ್ಟಿಯ ನೀರು ಖಾಲಿ ಮಾಡಿದ್ದಕ್ಕೆ ಬೈದರೂ ನನ್ರಿ. ಉಳಿದದ್ದಕ್ಕೆಲ್ಲ ನಾನು ನಡುವೆ ನಿಲ್ಲಬೇಕಾಗಿತ್ತು. ಆಗ ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಸುಮಾರು ಒಂದೇ ಮಟ್ಟದ್ದಾಗಿದ್ದರಿಂದ ತೊಂದರೆಯಾಗಲಿಲ್ಲ.

ಮೊದಮೊದಲು ಅಜ್ಜಿಗೂ ಅವರಿಗೂ ಜಗಳವಿತ್ತು. ಅವರು ಎಲೆಕೋಸಿಗೆ ಮೆಣಸಿನಪುಡಿ, ಬೆಳ್ಳುಳ್ಳಿ ಹಾಕಿ ಡಬ್ಬಿಯಲ್ಲಿ ಹುಳಿ ಬರಲು ಇಡುತ್ತಿದ್ದರು. ಅದರ ವಾಸನೆ ಮೆಟ್ಟಿಲಿಳಿದು ನಮ್ಮ ದೇವರ ಕೋಣೆಯವರೆಗೆ ಬರುತ್ತಿತ್ತು. ಅಜ್ಜಿ ಒಂದು ದಿನ ಬೈಯಲೆಂದೇ ಮೇಲೆ ಹೋದವಳು ಒಂದು ಚೂರು ಬಾಯಿಗೆ ಹಾಕಿಕೊಂಡು ಕೆಳಗೆ ಬಂದಳು.

"ಏನಂತೆ?" ಎಂದಳು ಅಮ್ಮ.

"ಏನಿಲ್ಲ. ನಮ್ ಉಪ್ಪಿನಕಾಯಿಗೇ ಕೋಸ್ ಹಾಕವ್ನೆ."

ಅಲ್ಲಿಗೆ ಜಗಳ ಮುಗಿಯಿತು. ಮುದ್ದೆ ಮಾಡಿದ ದಿನ ಅವಳು ಒಂದು ಬಟ್ಟಲು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು. ಅವರು ಇಳಿದು ಬಂದು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು.

ಅವರು ಬಂದ ಮರುವರ್ಷ ಮಾರ್ಚ್ ತಿಂಗಳಿನಲ್ಲಿ ಅವರ ತಾಯಿ ತೀರಿಕೊಂಡರು. ಸುದ್ದಿ ಬಂದಾಗ ಅವರು ಕಾರ್ಖಾನೆಯೊಳಗೆ ಇದ್ದರು. ಡ್ರೈವರಣ್ಣ ಅವರನ್ನು ಅಲ್ಲಿಂದಲೇ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಾಯಿಸಬೇಕಿತ್ತಂತೆ, ಅದು ತಡವಾಯಿತಂತೆ. ಅವರು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರೊಬ್ಬರೇ ಮಗ. ವಾರದಲ್ಲಿ ವಾಪಸು ಬಂದರು. ತಾಯಿ ಕಡಲ ತೀರದ ಒಂದು ಸಣ್ಣ ಊರಿನ ಸಂತೆಯಲ್ಲಿ ಒಣಮೀನು ಮಾರುತ್ತಿದ್ದರು, ಆ ಊರು ಬಿಟ್ಟು ಎಲ್ಲಿಗೂ ಹೋದವರಲ್ಲ ಎಂದು ಒಂದು ಸಲ ಹೇಳಿದರು.

ಆಮೇಲೆ ಅವರಿಗೆ ಜ್ವರ ಬಂತು. ಬಿಟ್ಟುಬಿಟ್ಟು ಬರುತ್ತಿತ್ತು. ಅಜ್ಜಿ ಕಳಿಸಿದ ಬಟ್ಟಲು ತುಂಬಿದಂತೆಯೇ ಕೆಳಗೆ ಬರುತ್ತಿತ್ತು. ನಿದ್ದೆಯಲ್ಲಿ ಯಾರನ್ನೋ ಮಾತಾಡಿಸುತ್ತಾರೆ ಎಂದು ಡ್ರೈವರಣ್ಣ ಹೇಳಿದ. ಅವರಿಗೆ ಜ್ವರ ಜೋರಾದಾಗ ಅವನು ಎರಡು ರಾತ್ರಿ ಮೇಲೆ ಮಲಗಿದ್ದ.

"ಏನೋ ಸೋಕೈತೆ ಕಣಮ್ಮಿ," ಎಂದಳು ಅಜ್ಜಿ ನನಗೆ. "ದೂರದಿಂದ ಬರೋವಾಗ ಬೆನ್ನಿಗೆ ಹತ್ಕೊಂಡ್ ಬಂದೈತೆ."

ಆ ಅಮಾವಾಸ್ಯೆಯ ದಿನ ಅವಳು ಒಂದು ನಿಂಬೆಹಣ್ಣು, ಏಳು ಕೆಂಪು ಮೆಣಸಿನಕಾಯಿ, ಒಂದು ಇದ್ದಿಲ ಚೂರನ್ನು ಕಪ್ಪು ದಾರದಲ್ಲಿ ಪೋಣಿಸಿ ಮಾಳಿಗೆಯ ಬಾಗಿಲಿಗೆ ಕಟ್ಟಿದಳು. ಮಂಡಿನೋವಿನವಳು ಹದಿನೆಂಟು ಮೆಟ್ಟಿಲು ಹತ್ತಿ ತಾನೇ ಕಟ್ಟಿದಳು. ಮಾಳಿಗೆಯಣ್ಣ ಒಳಗಿನಿಂದ ಬಂದು ನೋಡಿ, ಅದು ಯಾವುದೋ ಅಲಂಕಾರವೆಂದು ತಿಳಿದು, ನನ್ರಿ ಎಂದರು. ಮುಂದೆ ಪ್ರತಿ ಅಮಾವಾಸ್ಯೆಗೂ ಅಜ್ಜಿ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿದಳು. ಜ್ವರ ಹೋಯಿತು. ಊಟ ಮಾತ್ರ ಮೊದಲಿನಂತಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವರು ಕೆಳಗೆ ಬಂದು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಂಡಿಯೂರಿ ಕೂತರು. ಬರುವ ಶುಕ್ರವಾರ ತಮ್ಮ ದೇಶದ ದೊಡ್ಡ ಹಬ್ಬ, ಹೆಸರು ಚುಸೊಕ್ ಎಂದರು. ಹೊಸ ಬೆಳೆ ಬಂದ ಮೇಲಿನ ಹುಣ್ಣಿಮೆಗೆ ಬರುತ್ತದೆ. ಎಲ್ಲರೂ ತಾಯಿಯ ಮನೆಗೆ ಹೋಗುತ್ತಾರೆ. ತೀರಿಕೊಂಡವರಿಗೆ ಅಡುಗೆ ಮಾಡಿ ಬಡಿಸಿ, ಆಮೇಲೆ ಉಳಿದವರು ಕೂತು ಉಣ್ಣುತ್ತಾರೆ. ಈ ವರ್ಷ ಅವರು ಹೋಗುವಂತಿಲ್ಲ. ಕಾರ್ಖಾನೆಯಲ್ಲಿ ಹೊಸ ಅಚ್ಚುಗಳ ಪರೀಕ್ಷೆ ನಡೆದಿದೆ, ರಜೆ ಕೇಳಿದರು, ಅರ್ಧ ದಿನ ಕೊಟ್ಟಿದ್ದಾರೆ. ಅಲ್ಲಿ ಬಡಿಸುವವರು ಬೇರೆ ಯಾರೂ ಇಲ್ಲ. ಆದ್ದರಿಂದ ಇಲ್ಲೇ, ಮೇಲೆ ಮಾಡುತ್ತಾರೆ. ನಾವೆಲ್ಲ ಊಟಕ್ಕೆ ಬರಬೇಕು.

ನಾನು ಇದನ್ನು ಒಂದೊಂದೇ ವಾಕ್ಯ ಮಾಡಿ ಅಜ್ಜಿಗೆ ಹೇಳಿದೆ. ಅವಳು ಹೊಗೆಸೊಪ್ಪಿನ ಕಡ್ಡಿಪುಡಿ ತುಂಬಿದ ದವಡೆಯನ್ನು ಆ ಕಡೆಯಿಂದ ಈ ಕಡೆಗೆ ಮಾಡಿಕೊಂಡಳು.

"ಓ, ಪಕ್ಷ ಅನ್ನು. ನಮಗಿಂತ ಹದಿನೈದ್ ದಿನ ಮುಂಚೆ ಮಾಡ್ತಾರೆ, ಅಷ್ಟೇ."

ಮಾಳಿಗೆಯಣ್ಣ ಏಳಲಿಲ್ಲ. ನನ್ನ ಮುಖ ನೋಡಿ ಇನ್ನೊಂದು ಮಾತು ಕೇಳಿದರು. ಅದನ್ನು ಕೇಳಲೆಂದೇ ಬಂದಿದ್ದರು ಎಂದು ಆಮೇಲೆ ಅನ್ನಿಸಿತು. ತನ್ನ ಅಮ್ಮ ಈ ಊರಿನ ಹೆಸರನ್ನೇ ಕೇಳಿದವಳಲ್ಲ, ಇಲ್ಲಿಯವರೆಗೆ ಅವಳಿಗೆ ದಾರಿ ತಿಳಿಯುತ್ತದೆಯೇ, ನಿಮ್ಮ ಹಿರಿಯರು ಏನು ಹೇಳುತ್ತಾರೆ?

ನಾನು ಅಜ್ಜಿಗೆ ಹೇಳಿದೆ. ಅವಳು ಬಹಳ ಯೋಚಿಸಲಿಲ್ಲ. "ನಮ್ ಮಾವ ಗುಮ್ಮಳಾಪುರದ ಕಡೆ ಸತ್ತ. ಹೊಸೂರ್ ಮೊಖ ನೋಡಿರ್ಲಿಲ್ಲ. ನಾವು ಇಲ್ಲಿ ಮನೆ ಮಾಡಿದ್ ವರ್ಷ ಎಡೆ ಇಟ್ರೆ ಕಾಗೆ ಬಂದು ಅವನ ಎಲೆಯಿಂದ ವಡೇನೇ ಎತ್ಕೊಂಡ್ ಹೋಯ್ತು. ಮಗ ಎಲ್ಲವ್ನೋ ಅಲ್ಲಿಗೆ ಬತ್ತಾರೆ. ಬಸ್ ನಂಬರ್ ಕೇಳ್ಕೊಂಡ್ ಬರಲ್ಲ."

ಬಸ್ ನಂಬರನ್ನು ಬಿಟ್ಟು ಉಳಿದದ್ದನ್ನು ನಾನು ಅವರಿಗೆ ತಿಳಿಸಿದೆ. ಅವರು ತಲೆ ಬಾಗಿಸಿ ಮೇಲೆ ಹೋದರು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕೆಲಸ ಶುರುವಾಯಿತು. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಎಳ್ಳು ಬೆಲ್ಲದ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮಡಚಿ ಬೇಯಿಸುವ ಒಂದು ತಿಂಡಿ. ಅಮ್ಮನಿಗೆ ಅದು ಕಡುಬಾಗಿ ಕಂಡಿತು, ಹಾಗೇ ಮಾಡತೊಡಗಿದಳು. ಅವರ ದೇಶದಲ್ಲಿ ಅದನ್ನು ಒಂದು ಮರದ ಸೂಜಿಯೆಲೆಗಳ ಮೇಲೆ ಹರಡಿ ಬೇಯಿಸುತ್ತಾರಂತೆ. ಆ ಮರ ಇಲ್ಲಿಲ್ಲ. ರಾಯಕೋಟೆ ರಸ್ತೆಯ ಪಕ್ಕದ ಸರ್ವೆ ತೋಪಿನಿಂದ ಡ್ರೈವರಣ್ಣ ಒಂದು ಚೀಲ ಎಲೆ ತಂದ.

"ಇದ್ನ ದನಾನೂ ಮೂಸಲ್ಲ," ಎಂದಳು ಅಜ್ಜಿ.

"ನೀಂಗ ಸುಮ್ನೆ ಇರುಂಗ ಪಾಟಿ," ಎಂದ ಡ್ರೈವರಣ್ಣ ಅಜ್ಜಿಗೆ, ತನ್ನ ತಮಿಳು ಬೆರೆತ ಕನ್ನಡದಲ್ಲಿ. "ಆವಿ ಬಂದ್ರೆ ವಾಸನೆ ನೋಡುಂಗ, ಸಬ್ಬಕ್ಕಿ ಪಾಯಸಾನೂ ಬೇಡ ಅಂತೀರಿ."

ಆವಿ ಬಂದಾಗ ನಿಜವಾಗಿ ಒಂದು ವಾಸನೆ ಬಂತು. ಮಳೆ ನಿಂತ ಮೇಲೆ ತೋಪಿನ ಒಳಗೆ ನಡೆದ ಹಾಗೆ... ಮಾಳಿಗೆಯಣ್ಣ ಪಾತ್ರೆಯ ಮೇಲೆ ಬಗ್ಗಿ ಮೂಸಿ, ಹೌದೂ ಅಲ್ಲ ಇಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದರು.

ಕಡುಬನ್ನು ಚೆಂದವಾಗಿ ಮಡಚಿದವರಿಗೆ ಚೆಂದದ ಮಗಳು ಹುಟ್ಟುತ್ತಾಳೆ ಎಂಬ ನಂಬಿಕೆ ಅವರಲ್ಲಿ ಇದೆಯಂತೆ. ನಾನು ಹೇಳಿದ ಕೂಡಲೇ ಅಜ್ಜಿ ಅಮ್ಮನ ತಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಸುಳ್ಳಲ್ಲ ಬುಡು."

ಅಮ್ಮ ಅವಳ ಕಡೆಗೆ ಹಿಟ್ಟಿನ ಕೈ ಬೀಸಿದಳು. ಆವತ್ತಿನ ನನ್ನ ದಿನಚರಿಯಲ್ಲಿ ಹೀಗಿದೆ: ಒಟ್ಟು ಅರವತ್ತೆರಡು ಮಾಡಿದೆವು, ಹನ್ನೊಂದು ಒಡೆದವು, ಒಡೆದವುಗಳಲ್ಲಿ ಒಂಬತ್ತು ನನ್ನವು.

ನಾಲ್ಕರ ಹೊತ್ತಿಗೆ ಚೆನ್ನೈ ಕಡೆಯ ಕಾರ್ಖಾನೆಯಲ್ಲಿದ್ದ ಅವರ ದೇಶದ ಒಬ್ಬ ಸ್ನೇಹಿತ ಬಂದರು. ಅವರಿಗಿಂತ ಚಿಕ್ಕವರು. ಒಂದು ಒಣಮೀನು, ಅಕ್ಕಿಯಿಂದ ಮಾಡಿದ ಹೆಂಡದ ಒಂದು ಬಾಟಲಿ ತಂದಿದ್ದರು. ಅವರ ಕಡೆಯ ಅಂಟು ಅಕ್ಕಿಯನ್ನೂ ತರಬೇಕಿತ್ತು, ಸಿಗಲಿಲ್ಲವಂತೆ. ಅಪ್ಪ ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ಮಡಿಸಿಟ್ಟ ಪಂಚೆ ಉಟ್ಟು ಮೇಲೆ ಬಂದ. ಬಾಟಲಿಯನ್ನು ನೋಡಿದರೂ ನೋಡದವನಂತೆ ಕೂತ.

ಮಾಳಿಗೆಯಣ್ಣ ಮೇಜನ್ನು ಎಲ್ಲಿಡಬೇಕೆಂದು ಫೋನಿನಲ್ಲಿ ದಿಕ್ಕು ನೋಡಿದರು. ಉತ್ತರದ ಗೋಡೆಗೆ ಇಟ್ಟು ಅದರ ಮೇಲೆ ತಾಯಿಯ ಫೋಟೋ ಒರಗಿಸಿದರು. ಗಿಡ್ಡ ಕೂದಲಿನ, ಸಣ್ಣ ಕಣ್ಣಿನ ಹೆಂಗಸು, ಕೈಗವಸು ಹಾಕಿಕೊಂಡೇ ಫೋಟೋಕ್ಕೆ ನಿಂತಿದ್ದರು.

"ಬಡಗಲಿಗಾ?" ಎಂದಳು ಅಜ್ಜಿ. "ನಮ್ಮೋರು ತೆಂಕ್ಲಿಂದ ಬತ್ತಾರೆ. ಬುಡು, ಅವ್ರೂರು ಆ ಕಡೆ ಐತೇನೋ." ಆಮೇಲೆ ಫೋಟೋವನ್ನು ಹತ್ತಿರದಿಂದ ನೋಡಿ, "ಏನ್ ಇಷ್ಟ ಇತ್ತಂತೆ ಕೇಳು," ಎಂದಳು.

ಪುಡಿ ಕಾಫಿ, ಕಾಗದದ ಲೋಟದಲ್ಲಿ, ಎಂದರು ಅವರು. ಸಂತೆಯಲ್ಲಿ ದಿನಕ್ಕೆ ನಾಲ್ಕೈದು ಸಲ.

"ಮತ್ತೆ ಅದನ್ನ ಇಡು. ಇಷ್ಟದ್ದೇ ಇಡದೆ ಮಿಕ್ಕಿದ್ದೆಲ್ಲ ಇಟ್ರೆ ಬಂದೋರು ಏನಂದ್ಕತಾರೆ?"

ಅವರ ಕ್ರಮದಲ್ಲಿ ಕಾಫಿ ಇಡುವುದಿಲ್ಲವಂತೆ. ಚೆನ್ನೈ ಕಡೆಯ ಆ ಚಿಕ್ಕವರು ಏನೋ ಹೇಳಲು ಹೋದರು. ಮಾಳಿಗೆಯಣ್ಣ ಎದ್ದು ಹೋಗಿ ನೀರು ಕಾಯಿಸಿದರು.

ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ. ಸೇಬಿನ ನೆತ್ತಿಯನ್ನು ಒಂದು ಚೂರು ಕೊಯ್ದಿಟ್ಟರು. ಮೊಟ್ಟೆಯಲ್ಲಿ ಅದ್ದಿ ಕರಿದ ಕುಂಬಳದ ಬಿಲ್ಲೆ, ಮೀನು, ಕಡುಬು... ಅಜ್ಜಿ ಎಲ್ಲವನ್ನೂ ನೋಡುತ್ತಾ ಕೂತಿದ್ದವಳು ಒಂದು ಕೊರತೆ ಕಂಡುಹಿಡಿದಳು. "ಖಾರದ್ದು ಒಂದೂ ಇಲ್ವಲ್ಲ. ಕೆಳಗೆ ಬೆಳ್ಳುಳ್ಳಿ ಮೆಣಸಿನಕಾಯಿ ಚಟ್ನಿ ಐತೆ, ತತ್ತೀನಿ ಅನ್ನು."

ನಾನು ಹೇಳಿದೆ. ಅವರು ಕೈಯೆತ್ತಿ ಬೇಡವೆಂದರು. ದಿನಾ ಕೋಸಿಗೆ ಅಷ್ಟು ಮೆಣಸಿನಪುಡಿ ಹಾಕುವವರು ಈ ಮೇಜಿನ ಮೇಲೆ ಮಾತ್ರ ಮೆಣಸಿನಕಾಯಿ, ಬೆಳ್ಳುಳ್ಳಿ ಇಡುವುದಿಲ್ಲವಂತೆ. ಕೆಂಪು ಮೆಣಸಿನಕಾಯಿ ಇದ್ದಲ್ಲಿಗೆ ತೀರಿಕೊಂಡವರು ಬರಲಾರರು, ಹೆದರಿ ಹೊರಗೇ ನಿಲ್ಲುತ್ತಾರೆ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಜ್ಜಿ ತಲೆಯಾಡಿಸಿದಳು. ನಮ್ಮಲ್ಲೂ ಅದು ಹೊಸ ವಿಷಯವಲ್ಲ. ಗಾಳಿ ಸೋಕಿದವರಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ಅದಕ್ಕೇ. ಅವಳು ಇನ್ನೇನೋ ಹೇಳಲು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು. ಅವಳ ಕಣ್ಣು ಬಾಗಿಲ ಕಡೆಗೆ ಹೋಗಿತ್ತು. ಬಾಗಿಲ ಮೇಲೆ, ಹಿಂದಿನ ಅಮಾವಾಸ್ಯೆಗೆ ಕಟ್ಟಿದ ನಿಂಬೆಹಣ್ಣು ಒಣಗಿ ಕಪ್ಪಗಾಗಿತ್ತು. ಮೆಣಸಿನಕಾಯಿಗಳು ಮಾತ್ರ ಕೆಂಪಗೇ ಇದ್ದವು.

"ಅಮ್ಮಿ," ಎಂದಳು ಮೆಲ್ಲಗೆ. "ಅವ್ನಿಗೆ ಸೋಕಿದ್ದು ಯಾರು?"

ಎದ್ದು ಬಾಗಿಲ ಕೆಳಗೆ ಹೋದಳು.

"ಯಾವ್ದೋ ಪೀಡೆ ಅಂದ್ಕೊಂಡು ಆರ್ ತಿಂಗ್ಳಿಂದ ಬಾಗ್ಲಲ್ಲೇ ತಡೆದ್ನಲ್ಲೇ. ಹೆತ್ತೋಳು ಕಣೆ ಅದು. ಮಗನ್ನ ನೋಡಕ್ಕೆ ಬಂದವಳು."

ಅಮ್ಮ, "ಹಂಗೆಲ್ಲ ಏನಿಲ್ಲ ಬುಡತ್ತೆ," ಎಂದಳು. ಅಪ್ಪ ಸ್ಟೂಲ್ ತಂದು ತಾನು ಬಿಚ್ಚುತ್ತೇನೆ ಎಂದ. ಅಜ್ಜಿ ಬಿಡಲಿಲ್ಲ. ಕಟ್ಟಿದವರೇ ಬಿಚ್ಚಬೇಕು ಎಂದಳು. ಅಮಾವಾಸ್ಯೆಗೆ ಬಿಚ್ಚುವುದನ್ನು ಹುಣ್ಣಿಮೆಗೆ ಬಿಚ್ಚಬಾರದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಬಿಚ್ಚಿದರೆ ಪೀಡೆ ಬಿಚ್ಚಿದವರ ಬೆನ್ನಿಗೇ ಬರುತ್ತದೆಂಬುದನ್ನೂ ನನಗೆ ಹೇಳಿಕೊಟ್ಟವಳು ಅವಳೇ. ಅಪ್ಪ ಸ್ಟೂಲನ್ನು ಹಿಡಿದುಕೊಂಡ. ಅವಳು ಮೇಲೆ ಹತ್ತಿ, ದಾರದ ಗಂಟನ್ನು ಉಗುರಿನಿಂದ ಬಿಡಿಸಿದಳು. ಆಮೇಲೆ ಅದನ್ನು ಎಲೆಯೊಂದರಲ್ಲಿ ಸುತ್ತಿ, ಮೆಟ್ಟಿಲಿಳಿದು, ಮೂರು ದಾರಿ ಸೇರುವ ಕಡೆ ಹಾಕಿ, ಹಿಂದಿರುಗಿ ನೋಡದೆ ಬಂದು, ಕಾಲು ತೊಳೆದು, ಮತ್ತೆ ಮೇಲೆ ಹತ್ತಿದಳು. ಅಷ್ಟು ಹೊತ್ತೂ ಎಲ್ಲರೂ ನಿಂತೇ ಇದ್ದೆವು.

ಬಂದವಳು ಫೋಟೋದ ಮುಂದೆ ನಿಂತು ಸೆರಗನ್ನು ಸರಿಮಾಡಿಕೊಂಡಳು. "ಬಾರವ್ವ. ತಪ್ ತಿಳ್ಕಬ್ಯಾಡ. ನನಗೆ ಗೊತ್ತಾಗ್ನಿಲ್ಲ. ನಿನ್ ಮಗ ಒಬ್ನೇ ಅವ್ನೆ ಅಂತ ಕಟ್ಟಿದ್ದು."

ಮಾಳಿಗೆಯಣ್ಣ ನನ್ನ ಕಡೆ ತಿರುಗಿ, ಅಜ್ಜಿ ಏನು ಹೇಳಿದರು ಎಂದು ಕೇಳಿದರು.

ನಿಮ್ಮ ತಾಯಿಯನ್ನು ಒಳಗೆ ಕರೆಯುತ್ತಿದ್ದಾಳೆ ಎಂದೆ. ಅವರು ಬಾಗಿಲ ಮೇಲಿನ ಖಾಲಿ ಮೊಳೆಯನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯದು. ನನ್ರಿ ಎನ್ನಲಿಲ್ಲ.

ಆಮೇಲೆ ಅನ್ನದ ಬಟ್ಟಲನ್ನು ಇಟ್ಟರು. ಅದರಲ್ಲಿ ಚಮಚವನ್ನು ನೆಟ್ಟಗೆ ನಿಲ್ಲಿಸಬೇಕು, ಆಗ ಬಂದವರು ಊಟ ಶುರುಮಾಡಿದರು ಎಂದು ಅರ್ಥ. ಅವರ ಕಡೆಯ ಅಂಟು ಅನ್ನದಲ್ಲಾದರೆ ಅದು ನಿಲ್ಲುತ್ತದೆ. ಮೇಜಿನ ಮೇಲಿದ್ದದ್ದು ನಮ್ಮ ಅಂಗಡಿಯ ಸೋನಾಮಸೂರಿ. ಚಮಚ ಒಂದು ಕ್ಷಣ ನಿಂತು, ವಾಲಿ, ಬಟ್ಟಲಿನ ಅಂಚಿಗೆ ಟಣ್ ಎಂದು ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಚಿಕ್ಕವರು ಅನ್ನವನ್ನು ಒತ್ತಿ ನೋಡಿದರು. ಮೂರನೇ ಸಲ ಬಿದ್ದಾಗ ಮಾಳಿಗೆಯಣ್ಣ ಅದನ್ನು ಎತ್ತಲಿಲ್ಲ. ಅದು ಅವರಿಗೆ ಅನ್ನದ ವಿಷಯವಾಗಿ ಉಳಿದಿರಲಿಲ್ಲ ಎಂದು ಕಾಣುತ್ತಿತ್ತು. ಕರೆದರೂ ಬರಲಿಲ್ಲ ಎಂಬಂಥ ಮುಖ.

ಅಜ್ಜಿ ಅಮ್ಮನಿಗೆ, "ಕೆಳಗೆ ಮುದ್ದೆ ಮಾಡಿದ್ಯಾ?" ಎಂದಳು.

"ಮಾಡೀನಿ, ನಿಮಗೇ ಅಂತ."

"ತತ್ತಾ."

ಬಿಸಿ ಇನ್ನೂ ಆರದ ರಾಗಿಮುದ್ದೆ ಬಂತು. ಅಜ್ಜಿ ಅನ್ನದ ಬಟ್ಟಲಿನ ಪಕ್ಕದಲ್ಲಿ ಅದನ್ನಿಟ್ಟು, ಕೈ ತೋರಿಸಿದಳು. ಅವರು ಚಮಚವನ್ನು ಮುದ್ದೆಯ ನೆತ್ತಿಗೆ ಇಳಿಸಿದರು. ಅದು ಅರ್ಧದವರೆಗೆ ಇಳಿದು, ಗೂಟದ ಹಾಗೆ ನಿಂತಿತು. ಅವರು ಕೈ ಬಿಟ್ಟರು. ಅಲ್ಲಾಡಲಿಲ್ಲ.

"ಗಾಳಿ ಬಂದ್ರೂ ಬೀಳಲ್ಲ ಸಾರ್," ಎಂದ ಡ್ರೈವರಣ್ಣ, ಗಂಭೀರವಾಗಿ.

ಮಾಳಿಗೆಯಣ್ಣನೂ ಆ ಚಿಕ್ಕವರೂ ಹೆಂಡ ಸುರಿದು, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದರು. ನಮಸ್ಕಾರಕ್ಕೆ ಮುಂಚೆ ಅಜ್ಜಿ ಮಾಳಿಗೆಯಣ್ಣನ ತಾಯಿಯ ಹೆಸರನ್ನು ನನ್ನಿಂದ ಕೇಳಿಸಿದಳು. ಹೆಸರು ಹಿಡಿದು ಕರೆಯದೆ ಎಡೆ ಸಲ್ಲುವುದಿಲ್ಲ ಎಂದಳು. ಅವರು ಹೇಳಿದರು. ಅಜ್ಜಿ ಅದನ್ನು ಎರಡು ಮೂರು ಸಲ ತನ್ನಷ್ಟಕ್ಕೆ ಹೇಳಿಕೊಂಡು ಬಾಯಿಪಾಠ ಮಾಡಿದಳು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಬಂದವರು ನೆಮ್ಮದಿಯಾಗಿ ಉಣ್ಣಲಿ ಎಂದು ಹೊರಗೆ ನಿಲ್ಲುವುದು ನಮ್ಮಲ್ಲೂ ಇದೆ. ಒಳಗೆ ಹೋಗುವ ಮುಂಚೆ ಕೆಮ್ಮಬೇಕು, ಅದೂ ಎರಡೂ ಕಡೆ ಇದೆ. ಇದನ್ನು ಯಾರು ಯಾರಿಗೆ ಕಲಿಸಿದರೋ... ಆ ಸಂಜೆ ಯಾರಿಗೂ ಅದು ಆಶ್ಚರ್ಯವೆನಿಸಲಿಲ್ಲ. ತಾರಸಿಯ ಮೇಲೆ ನಿಂತೆವು. ಪೂರ್ವದಲ್ಲಿ ನೀರಿನ ಟ್ಯಾಂಕುಗಳ ನಡುವೆ ಚಂದ್ರ ಬಂದಿದ್ದ.

ಮೂರು ಸಲ ಕೆಮ್ಮಿ ಬಾಗಿಲು ತೆರೆಯಬೇಕಾದವರು ಮಗ. ಮಾಳಿಗೆಯಣ್ಣ ಬಾಗಿಲ ಮುಂದೆ ಹೋಗಿ ಒಂದು ಸಲ ಕೆಮ್ಮಿದರು. ಎರಡನೆಯದು ಬರಲಿಲ್ಲ. ಬಾಗಿಲಿಗೆ ಕೈ ಇಟ್ಟು ಹಾಗೇ ನಿಂತರು. ಅವರ ಭುಜ ಅಲುಗುತ್ತಿತ್ತು. ಚಿಕ್ಕವರು ತಲೆ ತಗ್ಗಿಸಿದರು.

ಆಗ ಅಜ್ಜಿ ಅವರ ಹಿಂದೆ ಹೋಗಿ ನಿಂತು, ನಲವತ್ತು ವರ್ಷದ ಕಡ್ಡಿಪುಡಿಯ ಕೆಮ್ಮನ್ನು ಎರಡು ಸಲ ಕೆಮ್ಮಿದಳು. ಪಕ್ಕದ ಬೀದಿಯ ನಾಯಿ ಬೊಗಳಿತು.

"ತೆಗಿಯಪ್ಪ. ಉಂಡಾಯ್ತು."

ಒಳಗೆ ಚಮಚ ನಿಂತಲ್ಲೇ ನಿಂತಿತ್ತು. ಕಾಫಿ ಆರಿತ್ತು.

ಊಟಕ್ಕೆ ಕೂತಾಗ ಮಾತು ಸಡಿಲವಾಯಿತು. ಅಪ್ಪ ಕಾಗದದ ಲೋಟದಲ್ಲಿ ಎರಡು ಸಲ ಹೆಂಡ ಹಾಕಿಸಿಕೊಂಡ, ಪ್ರಸಾದ ಎಂದು. ಡ್ರೈವರಣ್ಣ ಒಡೆದ ಕಡುಬುಗಳನ್ನೇ ಹುಡುಕಿ ತಿನ್ನುತ್ತಾ, "ನಮ್ ಸಾರ್‌ಗೆ ವೀಸಾ ತೆಗೆಯಕ್ಕೆ ಚೆನ್ನೈಗೆ ಎಷ್ಟು ಅಲೆದ್ವಿ," ಎಂದ. "ಅಮ್ಮಾವ್ರು ಒಂದ್ ಪೇಪರ್ ಇಲ್ದೆ ಬಂದ್ಬುಟ್ರು ಪಾರುಂಗ." ನಾನು ಹೇಳಿದೆ. ಮಾಳಿಗೆಯಣ್ಣ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ತಮ್ಮ ಸ್ನೇಹಿತನಿಗೆ ಅದನ್ನು ಹೇಳಿ ಮತ್ತೆ ನಕ್ಕರು. ಮಾರ್ಚ್ ತಿಂಗಳಾದ ಮೇಲೆ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾವು ನೋಡಿದ್ದು ಆವತ್ತು. ಚಮಚ ನೆಟ್ಟಿದ್ದ ಮುದ್ದೆಯನ್ನು ಅವರೇ ಉಂಡರು.

ಮಾಳಿಗೆಯ ಬಾಗಿಲಿಗೆ ಅಜ್ಜಿ ಆಮೇಲೆ ಏನನ್ನೂ ಕಟ್ಟಲಿಲ್ಲ.

ಮುಂದಿನ ಮಾರ್ಚಿನಲ್ಲಿ ಕೊರೋನಾ ಸುದ್ದಿ ಜೋರಾದಾಗ ಕಂಪನಿ ಅವರನ್ನು ಎರಡು ದಿನದ ಅವಸರದಲ್ಲಿ ವಾಪಸು ಕರೆಸಿಕೊಂಡಿತು. ಹೋಗುವ ಬೆಳಿಗ್ಗೆ ಕೆಳಗೆ ಬಂದು ಅಜ್ಜಿಯ ಕೈಗೆ ಆ ಚಮಚ ಕೊಟ್ಟರು, ಎರಡೂ ಕೈಯಿಂದ. ತಿರುಗಿ ಬರುತ್ತೇನೆ ಎಂದರು. ಊಟ ಆಯ್ತಾ ಎಂದೂ ಕೇಳಿದರು, ಬೇರೆ ಮಾತು ಗೊತ್ತಿಲ್ಲದ್ದಕ್ಕೆ.

ಬರಲಿಲ್ಲ. ಒಂದು ವರ್ಷ ಫೋನಿನಲ್ಲಿ ಹಬ್ಬಕ್ಕೆ ಚಂದ್ರನ ಚಿತ್ರ ಕಳಿಸಿದರು. ಆಮೇಲೆ ಆ ನಂಬರು ನಿಂತುಹೋಯಿತು. ಮಾಳಿಗೆಗೆ ಈಗ ಬೇರೆಯವರು ಬಂದಿದ್ದಾರೆ. ಡ್ರೈವರಣ್ಣ ರಾಯಕೋಟೆಗೆ ಹೋಗುವ ಒಂದು ಬಸ್ಸಿನಲ್ಲಿದ್ದಾನೆ. ಕಂಡಾಗ ಕೇಳುತ್ತೇನೆ, ಅವನಿಗೂ ಏನೂ ಗೊತ್ತಿಲ್ಲ.

ಅವರು ಹೋದ ವರ್ಷದ ಮಹಾಲಯಕ್ಕೆ ಅಜ್ಜಿ ನಮ್ಮ ಹಿರಿಯರ ಎಲೆಗಳ ಸಾಲಿನಿಂದ ಒಂದು ಮೊಳ ಬಿಟ್ಟು, ಬಡಗಲು ಗೋಡೆಗೆ ಇನ್ನೊಂದು ಎಲೆ ಹಾಕಿದಳು. ಅದರ ಮೇಲೆ ಮುದ್ದೆ, ಮುದ್ದೆಯಲ್ಲಿ ಚಮಚ, ಪಕ್ಕದಲ್ಲಿ ಪುಡಿ ಕಾಫಿ. ಸಾರಿಗೆ ಬೇರೆ ಪಾತ್ರೆ, ಮೆಣಸಿನಕಾಯಿ ಇಲ್ಲದ್ದು.

ಅಪ್ಪ ನಕ್ಕ. "ಅವಳ ಮಗ ಅಲ್ಲಿ ಇಡ್ತಾನೆ ಕಣವ್ವ. ನಾವ್ಯಾಕೆ?"

"ಇಟ್ರೆ ಇಡ್ಲಿ. ಎರಡ್ ಕಡೆ ಉಂಡ್ರೆ ಹೊಟ್ಟೆ ಕೆಡ್ತದಾ? ಅವ್ನಿಗೆ ಜ್ವರವೋ ಗಿರವೋ, ಡೂಟಿ ಮೇಲಿದ್ನೋ. ದಾರಿ ಕಂಡ್ಕೊಂಡ್ ಒಂದ್ ಸಲ ಬಂದವಳು. ಅಲ್ಲಿಲ್ಲ ಅಂತ ಇಲ್ಲಿಗೆ ಬಂದ್ರೆ, ಇಲ್ಲೂ ಬಾಗ್ಲು ಹಾಕಿದ್ರೆ?"

ಹಾಗೆ ಐದು ವರ್ಷ ಆ ಎಲೆ ಬಿತ್ತು. ಪ್ರತಿ ಸಲವೂ ಅಜ್ಜಿ ಧೂಪ ಹಿಡಿದು, ನಮ್ಮ ಹಿರಿಯರ ಹೆಸರುಗಳನ್ನೆಲ್ಲ ಹೇಳಿ, ಕೊನೆಗೆ ಬಡಗಲು ಎಲೆಯ ಮುಂದೆ ಬಗ್ಗಿ ಆ ಹೆಸರನ್ನು ಪಿಸುಗುಟ್ಟುತ್ತಿದ್ದಳು. ಅವಳ ಬಾಯಲ್ಲಿ ಅದು ಹೇಗಾಗಿತ್ತೋ, ನಮಗೆ ಕೇಳಿಸುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಎಂಟನೇ ದಿನ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ, ಎಲೆಅಡಿಕೆ ಚೀಲದ ದಾರ ಎಳೆಯುತ್ತಿದ್ದವಳು ಹಾಗೇ ಒರಗಿದಳು. ನಾನು ಆಗ ಕೃಷ್ಣಗಿರಿಯಲ್ಲಿದ್ದೆ. ಅಲ್ಲಿ ಮಾವಿನ ತಿರುಳು ತೆಗೆಯುವ ಒಂದು ಕಾರ್ಖಾನೆಯಲ್ಲಿ ಪ್ರತಿ ಡ್ರಮ್ಮಿನ ಸಿಹಿಯನ್ನು ಅಳೆದು ಬರೆಯುವುದು ನನ್ನ ಕೆಲಸ. ಭಾನುವಾರ ಅವಳಿಗೆ ಹೊಸ ಎಡೆ. ತೀರಿಕೊಂಡವರ ಸಾಲಿನಲ್ಲಿ ಅವಳ ಎಲೆ ಮೊದಲ ಸಲ ಬೀಳುತ್ತದೆ. ಕಡ್ಡಿಪುಡಿ ತಂದಾಗಿದೆ.

ಸಂಜೆ ಆರೂವರೆಯಾಯಿತು. ಅಮ್ಮನಿಗೆ ಉತ್ತರ ಹೇಳಿ ಬಂದೆ, ಹಾಕೋಣ ಎಂದು. ಅವಳು ಆಗಲೇ ಒಂದು ಎಲೆ ಹೆಚ್ಚಿಗೆ ಎಣಿಸಿಟ್ಟಿದ್ದಳು. ನಮ್ಮ ಹೆಬ್ಬಾಗಿಲಿನ ನಿಂಬೆಹಣ್ಣು ಮೆಣಸಿನಕಾಯಿಯನ್ನು ಭಾನುವಾರ ಬೆಳಿಗ್ಗೆ ಬಿಚ್ಚುತ್ತೇವೆ. ಹೊಸದನ್ನು ಎಡೆ ಎತ್ತಿದ ಮೇಲೆ ಕಟ್ಟಿದರಾಯಿತು. ಅಜ್ಜಿಯೂ ಈಗ ಹೊರಗಿನಿಂದ ಬರುವವಳು.

ಒಂದು ತೊಡಕು ಉಳಿದಿದೆ. ಆ ಹೆಸರು. ಅಪ್ಪನಿಗೆ ನೆನಪಿಲ್ಲ, ಅಮ್ಮನಿಗೂ ಇಲ್ಲ. ಆ ದಿನದ ನನ್ನ ಪುಟದಲ್ಲಿ ಕಡುಬಿನ ಲೆಕ್ಕವಿದೆ, ಹೆಸರಿಲ್ಲ. ಅದನ್ನು ಅಜ್ಜಿಯೊಬ್ಬಳೇ ಇಟ್ಟುಕೊಂಡಿದ್ದಳು...

ಹೊಸೂರಿನಲ್ಲಿ ಆ ವರ್ಷಗಳಲ್ಲಿ ಅಚ್ಚಿನ ಕೆಲಸಕ್ಕಿದ್ದ, ಒಣಮೀನು ಮಾರುವ ತಾಯಿಯ ಒಬ್ಬನೇ ಮಗನಾಗಿದ್ದ ಆ ಕೊರಿಯಾದವರನ್ನು ಬಲ್ಲವರು, ಅವರ ಜೊತೆ ಕೆಲಸ ಮಾಡಿದವರು, ಚೆನ್ನೈ ಕಡೆಯಿಂದ ಬಂದಿದ್ದ ಆ ಸ್ನೇಹಿತರನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಬರೆದರೆ ನನಗೆ ತಲುಪುತ್ತದೆ. ಅವರನ್ನು ಕೇಳದೆ ಅವರ ಹೆಸರನ್ನು ಇಲ್ಲಿ ಹಾಕಲು ಮನಸ್ಸಾಗಲಿಲ್ಲ. ಅವರು ಹೇಗಿದ್ದಾರೆ ಎಂಬುದು ತಿಳಿದರೆ ಸಂತೋಷ. ತಿಳಿಯದಿದ್ದರೆ ತಾಯಿಯ ಹೆಸರೊಂದನ್ನು ಬರೆದರೂ ಸಾಕು. ಭಾನುವಾರಕ್ಕೆ ಅದು ಸಿಗುವುದಿಲ್ಲ ಎಂದು ಗೊತ್ತಿದೆ. ಈ ಸಲಕ್ಕೆ ನಾವು ಅಜ್ಜಿಯ ಎಲೆಯ ಮುಂದೆ ಬಗ್ಗಿ, ಮಾಳಿಗೆಯಣ್ಣನ ತಾಯಿಯನ್ನೂ ನೀನೇ ಕರೆದುಕೊಂಡು ಬಾ ಎಂದು ಹೇಳುತ್ತೇವೆ.